ಹ್ಯಾಂಡ್‌ಪ್ಯಾನ್: ದಿನಕ್ಕೆ 20 ನಿಮಿಷ, ಮನಸ್ಸು ನಿಲ್ಲುವ ಹಾಗೆ ನುಡಿಸುವುದು ಹೇಗೆ?

ಪ್ರಶ್ನೆ: ಮಂದ್ರಪಂಚಮ

ಹ್ಯಾಂಡ್‌ಪ್ಯಾನ್ ಎಂದರೆ ತೊಡೆಯ ಮೇಲಿಟ್ಟು ಬೆರಳಿನಿಂದ ತಟ್ಟಿ ನುಡಿಸುವ ಉಕ್ಕಿನ ವಾದ್ಯ. ನನ್ನದು 9 ಸ್ವರದ ಡಿ ಕುರ್ಡ್ (ಡಿ ಸ್ವರವನ್ನು ಆಧಾರವಾಗಿಟ್ಟ ಕುರ್ಡ್ ಎಂಬ ಸ್ವರಶ್ರೇಣಿ), ನೈಟ್ರೈಡ್ ಉಕ್ಕಿನದು, ಅಂದರೆ ಮೇಲ್ಮೈಗೆ ಸಾರಜನಕ ಸೇರಿಸಿ ಗಟ್ಟಿಮಾಡಿದ್ದು. ವೇದಿಕೆ ಹತ್ತುವ ಆಸೆ ಇಲ್ಲ. ಬೆಳಿಗ್ಗೆ 20 ನಿಮಿಷ ನುಡಿಸುತ್ತಾ ಮನಸ್ಸು ಒಂದೆಡೆ ನಿಲ್ಲಬೇಕು, ಭಾನುವಾರ ಮನೆಯವರೆಲ್ಲ ಸುತ್ತ ಕೂತು ನುಡಿಸುವಂತಾಗಬೇಕು. ತೊಡಕು ಮೂರು. ಐದು ನಿಮಿಷದೊಳಗೆ ಕೈ ತಾನೇ ವೇಗಕ್ಕೆ ಹೋಗಿ ಸ್ವರಗಳೆಲ್ಲ ಕಲಸಿಹೋಗುತ್ತವೆ. ಎಡಗೈ ಕಡೆಯ ಸ್ವರಗಳು ‘ಥಪ್’ ಎಂದು ಸಾಯುತ್ತವೆ. ಇನ್ನೊಂದು ಡಿ ಕುರ್ಡ್ ಜೊತೆ ಸೇರಿಸಿದರೆ ಕಿವಿಗೆ ಕಿರಿಕಿರಿ. ಊರು ಕರಾವಳಿ, ಆದ್ದರಿಂದ ತುಕ್ಕಿನ ಭಯವೂ ಇದೆ.

ಉತ್ತರ 1: ಬೆರಳತುದಿ

ಮೊದಲು ‘ಥಪ್’ ವಿಷಯ. ಬೆರಳು ಲೋಹದ ಮೇಲೆ ಒಂದು ಕ್ಷಣ ಹೆಚ್ಚು ಕೂತರೂ ನಾದ ಸಾಯುತ್ತದೆ. ಕಾದ ಕಾವಲಿ ಮುಟ್ಟಿ ಕೈ ತೆಗೆದಂತೆ ಬೆರಳು ಎದ್ದು ಬರಬೇಕು. ತೋರುಬೆರಳಿನ ಮೊದಲ ಗಿಣ್ಣಿನ ಒಳಮೈ ತಾಗಲಿ, ಉಗುರಿನ ತುದಿ ಬೇಡ. ತಟ್ಟುವ ಜಾಗವೂ ಮುಖ್ಯ: ಸ್ವರದ ನಡುವಿನ ಕುಳಿಯ ಒಳಗಲ್ಲ, ಕುಳಿಗೂ ಸ್ವರದ ಅಂಚಿಗೂ ನಡುವಿನ ಸಮತಟ್ಟಿನಲ್ಲಿ. ಎಡಗೈಗೆ ಮಾತ್ರ ಈ ತೊಂದರೆ ಬರುತ್ತಿದ್ದರೆ ಸಾಮಾನ್ಯವಾಗಿ ಮಣಿಕಟ್ಟು ಬಿಗಿಯಾಗಿರುತ್ತದೆ, ಮೊಣಕೈ ಪಕ್ಕೆಗೆ ಅಂಟಿರುತ್ತದೆ. ಭುಜ ಇಳಿಸಿ, ಬರೇ ಎಡಗೈಯಲ್ಲಿ ಒಂದೇ ಸ್ವರವನ್ನು 50 ಸಲ, ಪಕ್ಕದ ಕೋಣೆಗೆ ಕೇಳಿಸದಷ್ಟು ಮೆತ್ತಗೆ ತಟ್ಟಿ.

ಮೆತ್ತಗೆ ಎಂದು ಒತ್ತಿ ಹೇಳಲು ಕಾರಣವಿದೆ. ಒಂದೊಂದು ಸ್ವರದ ಜಾಗದಲ್ಲೂ ಮೂರು ನಾದಗಳನ್ನು ಸುತ್ತಿಗೆಯಿಂದ ಕೂರಿಸಿರುತ್ತಾರೆ: ಮೂಲಸ್ವರ, ಅದರ ಮೇಲಿನ ಸ್ಥಾಯಿ, ಅದಕ್ಕೂ ಮೇಲಿನ ಪಂಚಮ. ಜೋರಾಗಿ ಹೊಡೆದರೆ ಈ ಹೊಂದಾಣಿಕೆಯೇ ಕದಡಿ ಶ್ರುತಿ ಜಾರುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಫೆಲಿಕ್ಸ್ ರೋನರ್ ಮತ್ತು ಸಬೀನಾ ಶೆರರ್ 2000ದಲ್ಲಿ ರೂಪಿಸಿದ ‘ಹಾಂಗ್’ ಈ ವಾದ್ಯದ ಮೂಲ. ಅದರ ಹಿಂದೆ ಟ್ರಿನಿಡಾಡ್‌ನ ಸ್ಟೀಲ್‌ಪ್ಯಾನ್ ಇದ್ದಂತೆ ನಮ್ಮ ಘಟವೂ ಇದೆ. ಹಾಗೆಂದು ಘಟಕ್ಕೆ ಕೊಡುವ ಪೆಟ್ಟನ್ನು ಇದಕ್ಕೆ ಕೊಡಬೇಡಿ. ಉಂಗುರ, ಬಳೆ, ಗಡಿಯಾರ ತೆಗೆದಿಟ್ಟೇ ಕೂರಿ.

ಉತ್ತರ 2: ನಾದದಬಾಲ

ವೇಗಕ್ಕೆ ಮದ್ದು ಒಂದೇ: ತಟ್ಟಿದ ಸ್ವರ ಪೂರ್ತಿ ಆರುವವರೆಗೆ ಕೇಳುವುದು. ಧ್ಯಾನ ಎನ್ನುವುದು ಇಲ್ಲಿ ತಟ್ಟುವುದರಲ್ಲಿಲ್ಲ, ನಾದದ ಬಾಲ ಹಿಡಿದು ಹೋಗುವುದರಲ್ಲಿದೆ. 20 ನಿಮಿಷವನ್ನು ಹೀಗೆ ಹಂಚಿ.

ಮೊದಲ 3 ನಿಮಿಷ ಡಿಂಗ್ ಮಾತ್ರ, ಅಂದರೆ ವಾದ್ಯದ ನಟ್ಟನಡುವಿನ, ಎಲ್ಲಕ್ಕಿಂತ ಕೆಳಗಿನ ಸ್ವರ. 4 ಎಣಿಕೆ ಉಸಿರು ಒಳಗೆ, 6 ಎಣಿಕೆ ಹೊರಗೆ. ಉಸಿರು ಬಿಡಲು ಶುರುಮಾಡುವಾಗ ಒಂದು ತಟ್ಟು. ನಿಮಿಷಕ್ಕೆ ಆರೇ ತಟ್ಟು ಆಗುತ್ತದೆ, ಮೊದಮೊದಲು ಅದು ಅಸಹನೀಯವಾಗಿ ನಿಧಾನ ಅನ್ನಿಸುತ್ತದೆ, ಅನ್ನಿಸಲಿ.

ಡಿಂಗ್ ಸುತ್ತಲಿನ ಸ್ವರಗಳಲ್ಲಿ ನಿಮ್ಮ ಹತ್ತಿರದ ಸ್ವರ 1, ಅಲ್ಲಿಂದ ಎಡಬಲ ಏರುತ್ತಾ ಆಚೆ ತುದಿಗೆ 8 ಎಂದು ಎಣಿಸಿಕೊಳ್ಳಿ. ಆಮೇಲೆ 5 ನಿಮಿಷ ಡಿಂಗ್, 1, 4. ಅಂದರೆ ಸ, ಪ, ಮೇಲಿನ ಸ, ತಂಬೂರಿಯ ಹಾಗೆ. 8 ಎಣಿಕೆಯ ಆದಿತಾಳ ಮನಸ್ಸಿನಲ್ಲಿಟ್ಟುಕೊಂಡು 1 ಮತ್ತು 5ನೇ ಎಣಿಕೆಗೆ ಮಾತ್ರ ತಟ್ಟಿ. ಕೈ ಚಡಪಡಿಸಿದರೆ ಉಳಿದ ಎಣಿಕೆಗಳನ್ನು ತೊಡೆಯ ಮೇಲೆ ತಟ್ಟಿಕೊಳ್ಳಿ.

ಮುಂದಿನ 8 ನಿಮಿಷ ಸ್ವರಸಂಚಾರ. ಡಿ ಕುರ್ಡ್‌ನ ಸ್ವರಗಳು ನಮ್ಮ ನಠಭೈರವಿ ರಾಗದವು, ಆದರೆ ಕೆಳಸ್ಥಾಯಿಯಲ್ಲಿ ರಿ ಗ ಮ ಇಲ್ಲ. ನಿಮ್ಮ ಹತ್ತಿರದ ಸ್ವರ 1, ಅಲ್ಲಿಂದ ಎಡಬಲ ಏರುತ್ತಾ ಆಚೆ ತುದಿಗೆ 8 ಎಂದು ಎಣಿಸಿಕೊಳ್ಳಿ. 2 ಮತ್ತು 5 ಬಿಟ್ಟರೆ ಶುದ್ಧ ಧನ್ಯಾಸಿ ಉಳಿಯುತ್ತದೆ. 1, 5, 8 ಬಿಟ್ಟರೆ ಹಿಂದೋಳ. ಐದು ಸ್ವರ ಸಾಕು, ಅರ್ಧಸ್ವರದ ಘರ್ಷಣೆ ಇಲ್ಲದ್ದರಿಂದ ಒಂದರ ನಾದ ಇನ್ನೊಂದರ ಮೇಲೆ ಬಿದ್ದರೂ ಕಲಸುವುದಿಲ್ಲ. ಗಮಕ ಮಾತ್ರ ಇಲ್ಲಿ ಆಗದ ಮಾತು, ರಾಗದ ನೆರಳಷ್ಟೇ ಸಿಗುತ್ತದೆ.

ಕೊನೆಯ 4 ನಿಮಿಷ ಮತ್ತೆ ಡಿಂಗ್, ಜೊತೆಗೆ ಬಾಯಿ ಮುಚ್ಚಿ ‘ಮ್’ ಎನ್ನುವ ಗುನುಗು. ಗಂಡು ದನಿಗೆ ಡಿಂಗ್‌ನದೇ ಸ್ಥಾಯಿ, ಹೆಣ್ಣು ದನಿಗೆ ಅದರ ಮೇಲಿನದು ಹಿತ. ನಿಮ್ಮ ದನಿ ವಾದ್ಯದೊಡನೆ ಒಂದಾದಾಗ ಎದೆಯೂ ತೊಡೆಯೂ ಒಟ್ಟಿಗೆ ಕಂಪಿಸುತ್ತವೆ. ತನ್ನನ್ನು ತಾನು ಪ್ರೀತಿಸುವುದು ಎನ್ನುತ್ತಾರಲ್ಲ, ಕಲಿಯಲು ಇದಕ್ಕಿಂತ ಸರಳ ದಾರಿ ಕಾಣೆ. ಆ 20 ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ. ಬೆರಳು ತಪ್ಪಿದರೆ ತಿದ್ದಲು ಹೋಗದೆ ಆ ಸ್ವರವನ್ನೂ ಆರುವವರೆಗೆ ಕೇಳಿ. ರೆಕಾರ್ಡಿಂಗ್ ಇದ್ದರೆ ಕಿವಿ ಪರೀಕ್ಷಕನಾಗುತ್ತದೆ.

ಮಂದ್ರಪಂಚಮ: ಇದು ಸ್ಪಷ್ಟವಾಯಿತು. ಎರಡು ಪ್ಯಾನ್ ಜೊತೆಯಾದಾಗ ಏನು ಮಾಡುವುದು? ಎರಡರ ಮೇಲೂ ‘ಡಿ ಕುರ್ಡ್’ ಎಂದೇ ಬರೆದಿದೆ.

ಉತ್ತರ 3: ಜುಗಲಬಂದಿ

ಒಂದು 440 ಹರ್ಟ್ಸ್ ಶ್ರುತಿಯದು, ಇನ್ನೊಂದು 432 ಹರ್ಟ್ಸ್ ಶ್ರುತಿಯದು ಇರಬೇಕು. ಟ್ಯೂನರ್ ಆ್ಯಪ್ ಇಟ್ಟು ಎರಡರಲ್ಲೂ 8ನೇ ಸ್ವರ ತಟ್ಟಿ ನೋಡಿ, ಒಂದು 440 ಹರ್ಟ್ಸ್, ಇನ್ನೊಂದು 432 ತೋರಿಸಿದರೆ ಅದೇ ಕಾರಣ. ಅಂತರ ಅರ್ಧಸ್ವರದ ಸುಮಾರು ಮೂರರಲ್ಲೊಂದು ಪಾಲು. ಒಟ್ಟಿಗೆ ತಟ್ಟಿದಾಗ 8ನೇ ಸ್ವರದಲ್ಲಿ ದನಿ ಏರಿಳಿಯುವ ಅಲೆ ಸೆಕೆಂಡಿಗೆ 8, 1ನೇ ಸ್ವರದಲ್ಲಿ 4 ಅಲೆ ಏಳುತ್ತವೆ. ಕಿರಿಕಿರಿ ಅದರದ್ದು. 432 ಹೆಚ್ಚು ‘ಶಾಂತ’ ಎಂಬ ಮಾತನ್ನು ನಂಬಿ ಕೊಳ್ಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇನ್ನೊಬ್ಬರ ಜೊತೆ ನುಡಿಸುವ ಮನಸ್ಸಿದ್ದರೆ 440 ಒಳ್ಳೆಯದು, ಕೊಳಲು, ಕೀಬೋರ್ಡ್ ಎಲ್ಲಕ್ಕೂ ಸೇರುತ್ತದೆ. 432ರ ಇಡೀ ಪ್ಯಾನನ್ನು 440ಕ್ಕೆ ಏರಿಸಿಕೊಡಿ ಎಂದು ಕೇಳಬೇಡಿ, ಲೋಹಕ್ಕೆ ಅದು ದೊಡ್ಡ ಹಿಂಸೆ.

ಭಾನುವಾರಕ್ಕೆ ಒಂದೇ ಪ್ಯಾನ್ ಸಾಕು. ಸ್ಟ್ಯಾಂಡ್ ಮೇಲಿಟ್ಟು ಇಬ್ಬರು ಎದುರುಬದುರು ಕೂರಿ. ನಿಮ್ಮ ಕಡೆ ಡಿಂಗ್ ಮತ್ತು 1ರಿಂದ 4, ಎದುರಿನವರಿಗೆ 5ರಿಂದ 8. ಒಬ್ಬರು 4 ಎಣಿಕೆ ನುಡಿಸಿ, ಮುಂದಿನ 4 ಎಣಿಕೆ ಇಬ್ಬರೂ ಸುಮ್ಮನಿರಿ, ಆಮೇಲೆ ಇನ್ನೊಬ್ಬರು. ನಡುವಿನ ಆ ಮೌನವನ್ನು ತೆಗೆದುಹಾಕಬೇಡಿ, ಕೇಳುವುದು ನಡೆಯುವುದೇ ಅಲ್ಲಿ. ವಾದ್ಯ ಮುಟ್ಟದವರು, ಅಜ್ಜ ಅಜ್ಜಿ ಇದ್ದರೆ ಕೈಯಲ್ಲಿ ತಾಳ ಹಾಕಲಿ. ಮಕ್ಕಳಿಗೆ ಮೊದಲು ಡಿಂಗ್ ಒಪ್ಪಿಸಿ, ಆವರ್ತಕ್ಕೊಂದು ತಟ್ಟು.

ಉತ್ತರ 4: ಉಪ್ಪುಗಾಳಿ

ನೈಟ್ರೈಡ್ ಉಕ್ಕು ತುಕ್ಕು ಹಿಡಿಯುತ್ತದೆ, ಕರಾವಳಿಯಲ್ಲಿ ಇನ್ನೂ ಬೇಗ. ಬೆವರಿನ ಉಪ್ಪೇ ಮೊದಲ ಶತ್ರು. ಪ್ರತಿಸಲ ನುಡಿಸಿದ ಮೇಲೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ, ವಾರಕ್ಕೊಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಹ್ಯಾಂಡ್‌ಪ್ಯಾನ್ ಎಣ್ಣೆ ಎರಡು ಮೂರು ಹನಿ ತೆಳ್ಳಗೆ ಸವರಿ. ಹೆಚ್ಚಾದ ಎಣ್ಣೆ ನಾದವನ್ನು ಮಂಕಾಗಿಸುತ್ತದೆ, ಒರೆಸಿಬಿಡಿ. ಕೊಬ್ಬರಿ ಎಣ್ಣೆ ಬೇಡ, ಜಿಗುಟಾಗಿ ಧೂಳು ಹಿಡಿಯುತ್ತದೆ. ಕುಳಿಗಳಲ್ಲಿ ಮತ್ತು ಕೆಳಗಿನ ರಂಧ್ರದ ಅಂಚಿನಲ್ಲಿ ತೇವ ನಿಲ್ಲುತ್ತದೆ, ಅಲ್ಲಿ ವಿಶೇಷ ಗಮನ ಇರಲಿ.

ಮಳೆಗಾಲದಲ್ಲಿ ಬ್ಯಾಗಿನಲ್ಲಿ ಮುಚ್ಚಿಡುವುದೇ ದೊಡ್ಡ ತಪ್ಪು. ಒಳಗಿನ ಸ್ಪಂಜು ತೇವ ಕುಡಿದು ಕೂರುತ್ತದೆ. ಗಾಳಿಯಾಡುವ ಕೋಣೆಯಲ್ಲಿ ಸ್ಟ್ಯಾಂಡ್ ಮೇಲೆ ಹತ್ತಿಬಟ್ಟೆ ಹೊದಿಸಿಡಿ. ಬ್ಯಾಗಿಗೆ ಹಾಕಲೇಬೇಕಾದರೆ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಇಡಿ, ಅವೂ ತೇವ ತುಂಬಿಕೊಳ್ಳುತ್ತವೆ, ಬದಲಿಸುತ್ತಿರಿ. ಕೆಂಚು ಚುಕ್ಕೆ ಕಂಡರೆ ಮರಳುಕಾಗದ ಮುಟ್ಟಿಸಬೇಡಿ. ಎಣ್ಣೆ ಹಚ್ಚಿ ಒಂದು ಗಂಟೆ ಬಿಟ್ಟು ಬಟ್ಟೆಯಿಂದ ಮೆಲ್ಲಗೆ ಉಜ್ಜಿ. ಚುಕ್ಕೆ ಹೋಗದೆ ಆ ಸ್ವರದ ದನಿಯೂ ಬದಲಾಗಿದ್ದರೆ ಶ್ರುತಿ ಮಾಡುವವರಿಗೆ ತೋರಿಸಿ.