ಬ್ರೇನ್ ಟ್ಯೂಮರ್ ಸಹಾಯಾರ್ಥ ಸಂಜಿ: ಕೂಡಿದ ರೊಕ್ಕ ಯಾವುದಕ್ಕ ಹಾಕೂದು?

ಟಿಳಕವಾಡಿ ಗೆಳೆಯ:
ನಮಸ್ಕಾರ್ರೀ. ಬೆಳಗಾವಿಯೊಳಗ ನಾವು ಕಾಲೇಜಿನ ಹಳೇ ಗೆಳೆಯರು ಕೂಡಿ ಬ್ರೇನ್ ಟ್ಯೂಮರ್ ರೋಗಿಗಳ ಸಲುವಾಗಿ ಒಂದು ದೊಡ್ಡ ಕಾರ್ಯಕ್ರಮ ಇಟ್ಕೊಂಡೀವಿ. ಜೂನ್ 8 ವಿಶ್ವ ಬ್ರೇನ್ ಟ್ಯೂಮರ್ ದಿನ, ಅದರ ಆಸುಪಾಸು. ಹಿಂದುಸ್ತಾನಿ ಗಾಯನ, ಊಟ, ಆಮ್ಯಾಲೆ ಕಸೂತಿ ಹಾಕಿದ ಇಳಕಲ್ ಸೀರಿಗಳ ಹರಾಜು. ಅರ್ಧ ಮಂದಿ ಎಲ್ಲಾ ಸಂಶೋಧನಾಕ್ಕ ಕೊಡೂಣು ಅಂತಾರ, ಅರ್ಧ ಮಂದಿ ರೋಗಿಗಳ ಕೈಗೇ ಮುಟ್ಟಲಿ ಅಂತಾರ. ಈ ಬ್ಯಾನಿ ಹತ್ತಿರದಿಂದ ಕಂಡವರು ಹೇಳ್ರಿ.

ಬಾಗಲಕೋಟಿ ಅಕ್ಕ:
ತಮ್ಮಾ, ನಮ್ಮ ಮನಿಯವರಿಗೆ ಗ್ಲಿಯೋಬ್ಲಾಸ್ಟೋಮಾ, ಅಂದ್ರ ಮಿದುಳಿನ ಭಾಳ ಜೋರಿನ ಕ್ಯಾನ್ಸರ್ ಗಡ್ಡಿ, ಆಗಿತ್ತು. ಆಪರೇಷನ್ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಆತು, ಬಿಪಿಎಲ್ ಮನಿಗೆ ವರ್ಷಕ್ಕ 5 ಲಕ್ಷದ ತನಕ ಐತಿ. ನಮ್ಮನ್ನ ಹಿಂಡಿದ್ದು ಆಮ್ಯಾಲಿಂದು. ರೇಡಿಯೇಷನ್ ಅಂದ್ರ ಸಾಮಾನ್ಯವಾಗಿ 30 ಸಲ, ವಾರಕ್ಕ ಐದು ದಿನದಂಗ ಆರು ವಾರ. ಮಷಿನ್ ಕೆಳಗ ಇರೂದು ಕೆಲವೇ ನಿಮಿಷ, ಅದಕ್ಕಂತ ಪರಊರಾಗ ಖೋಲಿ ಹಿಡಿಬೇಕು, ಜೋಡಿ ಇರಾವರು ಕೂಲಿ ಬಿಡಬೇಕು.

ತಲಿ ಅಲುಗಬಾರದಂತ ಮಾರಿ ಮ್ಯಾಲೆ ಜಾಳಗಿಯಂಥ ಪ್ಲಾಸ್ಟಿಕ್ ಮಾಸ್ಕ್ ಕೂಡಿಸಿ ಟೇಬಲ್ಲಿಗೆ ಬಿಗಿತಾರ. ಹೊರಗ ಬಂದಾಗ ಹಣಿ ಮ್ಯಾಲೆ ಅದರ ಗುರುತು ಮೂಡಿರ್ತಿತ್ತು, ಸೆರಗಿಲೆ ಒರಸಿದ್ರೂ ಹೋಗ್ತಿರಲಿಲ್ಲ. ಮಿದುಳಿನ ಬಾವು ಇಳಿಲಿ ಅಂತ ಕೊಡೂ ಡೆಕ್ಸಾಮೆಥಾಸೋನ್ ಗುಳಿಗಿಗೆ ವಿಪರೀತ ಹಸಿವು. ನಡುರಾತ್ರಿ ಎದ್ದು ರೊಟ್ಟಿ ಬೇಡಾವ್ರು. ಲಾಡ್ಜಿನಾಗ ಒಲಿ ಹಚ್ಚಾಕ ಬಿಡೂದಿಲ್ಲ, ಊರಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಡ್ತಿದ್ದೆ.

ಬಾಜೂ ಖೋಲಿಯೊಳಗ ಮುದ್ದೇಬಿಹಾಳ ಕಡೆಯಿಂದ ಒಬ್ಬಾವ ಮಗನ್ನ ಕರಕೊಂಡು ಬಂದಿದ್ದ. ಬಾಡಿಗಿ ನೀಗಲಾರದ ಅರ್ಧಕ್ಕ ಹೊಳ್ಳಿ ಹ್ವಾದ. ಟ್ರೀಟ್‌ಮೆಂಟ್ ಪುಕ್ಕಟ ನಡದಿತ್ತು ಆ ಹುಡುಗಂದು! ನಿಮ್ಮ ರೊಕ್ಕ ಮೊದಲು ಖೋಲಿ ಬಾಡಿಗಿಗೆ, ಊಟಕ್ಕ ಹೋಗಲಿ.

ಇನ್ನೊಂದು. ಆಸ್ಪತ್ರೆಯ ಫಾರ್ಮ್ ಇದ್ರ ಚಿಕಿತ್ಸಾಕ್ಕ ಹೋಗೂ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್, ಥರ್ಡ್ ಎಸಿಯೊಳಗ ಪೂರ್ತಿ ರಿಯಾಯಿತಿ, ಜೋಡಿ ಹ್ವಾದವರಿಗೆ ಮುಕ್ಕಾಲು ಭಾಗ. ನಮಗ ಯಾರೂ ಹೇಳಿರಲಿಲ್ಲ. ಆ ಸಂಜಿ ಹಂಚೂ ಕಾಗದದಾಗ ಇದನ್ನ ದೊಡ್ಡ ಅಕ್ಷರದಾಗ ಹಾಕಸ್ರಿ.

ಲೆಕ್ಕದವ, ಖಾನಾಪುರ:
ಊಟದ ಟಿಕೆಟ್ಟಿನ ರೊಕ್ಕ ಬೇರೆ, ದೇಣಿಗಿ ಬೇರೆ ಬರೀರಿ. 80ಜಿ, ಅಂದ್ರ ದೇಣಿಗಿ ಕೊಟ್ಟವರಿಗೆ ತೆರಿಗಿ ವಿನಾಯಿತಿ ಕೊಡಸೂ ನೋಂದಣಿ, ಇರೂ ಸಂಸ್ಥಾದ ಖಾತೆಗೇ ದೇಣಿಗಿ ಹೋಗಬೇಕು. 2,000 ರೂಪಾಯಿ ಮ್ಯಾಲೆ ನಗದು ಕೊಟ್ರ ತೆರಿಗಿ ವಿನಾಯಿತಿ ಸಿಗೂದಿಲ್ಲ, ಹೊಸ ತೆರಿಗಿ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಹರಾಜಿನಾಗ ಕೂಗೋಕಿಂತ ಮೊದಲ ಮಂದಿಗೆ ತಿಳಿಸ್ರಿ.

ವಿಜಯಪುರ ಪಿಜಿ:
ಅಕ್ಕಾರು ಹೇಳಿದ್ದು ಖರೆ. ಆದರೂ ಸಂಶೋಧನೆಯನ್ನ ಪೂರ್ತಿ ಬಿಡಬೇಡಿ. ಗ್ಲಿಯೋಬ್ಲಾಸ್ಟೋಮಾಕ್ಕೆ ಆಪರೇಷನ್ ನಂತರ ನಾವು ಇವತ್ತಿಗೂ ಕೊಡುವ ಮೂಲ ಚಿಕಿತ್ಸೆ 2005ರಲ್ಲಿ ಪ್ರಕಟವಾದ ಯುರೋಪ್ ಮತ್ತು ಕೆನಡಾದ ಪ್ರಯೋಗದಿಂದ ಬಂದದ್ದು. ಅದರಲ್ಲಿ 573 ರೋಗಿಗಳಿದ್ದರು. ಬರೀ ರೇಡಿಯೇಷನ್ ಬದಲು ಅದರ ಜೊತೆ ಟೆಮೊಝೊಲೊಮೈಡ್ ಎಂಬ ಕ್ಯಾನ್ಸರ್ ಔಷಧವನ್ನೂ ಕೊಟ್ಟಾಗ ಮಧ್ಯಾಂಕ ಆಯುಷ್ಯ, ಅಂದರೆ ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ, 12.1 ತಿಂಗಳಿಂದ 14.6ಕ್ಕೆ ಏರಿತು. ಎರಡು ವರ್ಷ ದಾಟಿದವರು ಶೇ 10.4 ಇದ್ದದ್ದು ಶೇ 26.5 ಆಯಿತು. ಅಲ್ಲಿಂದ ಇಲ್ಲಿಗೆ ಇಷ್ಟು ವರ್ಷ, ಮುನ್ನಡೆ ಬಹಳ ಕಡಿಮೆ. ಒಂದು ಸಂಜೆಯ ಹಣದಿಂದ ಹೊಸ ಔಷಧ ಬರೋದಿಲ್ಲ, ನಿಜ. ಆದರೆ ಯಾವುದಾದರೂ ಆಸ್ಪತ್ರೆಯಲ್ಲಿ ಒಬ್ಬರಿಗೆ ವರ್ಷದ ಸಂಬಳ ಕೊಟ್ಟರೆ, ಊರಿಗೆ ಹೋದ ಪ್ರತಿ ರೋಗಿಗೂ ಫೋನ್ ಮಾಡಿ ಯಾರು ಅರ್ಧಕ್ಕೆ ಬಿಟ್ಟರು, ಯಾಕೆ ಬಿಟ್ಟರು ಅಂತ ದಾಖಲೆ ಇಡಬಹುದು. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆದು ಮಾಡಿದರೆ ಅದೂ ಸಂಶೋಧನೆಯೇ.

ಬಾಗಲಕೋಟಿ ಅಕ್ಕ:
ಡಾಕ್ಟರ್ರೇ, ಆ ಎರಡೂವರೆ ತಿಂಗಳು ಸಣ್ಣದಲ್ಲ. ನಮ್ಮ ಮನಿಯವರು ಕೂತು ನೋಡೂವಂಗ ಇದ್ದಾಗನ ನಮ್ಮ ಮಗಳ ಕುಬಸ ಆತು. ಸಂಬಳದ ಮಾತು ನನಗ ಒಪ್ಪಿಗಿ ಐತಿ, ಆದ್ರ ಆ ಮನುಷ್ಯಾಗ ನಮ್ಮ ಕಡೀ ಕನ್ನಡ ಬರಬೇಕು. ಚಿಕಿತ್ಸಾಕ್ಕ ಮುಂಬೈಗೆ ಹ್ವಾದವರಿಗೂ ಆ ಮನುಷ್ಯಾನ ಫೋನ್ ನಂಬರ್ ಕೊಡ್ರಿ. ಫಿಟ್ಸ್ ಬಂದಾಗ ರಾತ್ರಿ ಯಾರನ್ನ ಕೇಳೂದು ಅನ್ನೂದು ಮೊದಲಿಗೇ ಗೊತ್ತಿರಬೇಕು.

ಟಿಳಕವಾಡಿ ಗೆಳೆಯ:
ಅಕ್ಕಾರ, ಡಾಕ್ಟರ್ರ, ಇದನ್ನೆಲ್ಲಾ ಕಮಿಟಿ ಮುಂದ ಓದತೀನಿ. ಖೋಲಿ ಬಾಡಿಗಿ ಮತ್ತ ಊಟ ಮೊದಲು, ಉಳಿದದ್ರಾಗ ಒಬ್ಬರ ಸಂಬಳ ಅಂತ ನಾ ಮಂಡಸ್ತೀನಿ. ಬಾಡಿಗಿ ರೊಕ್ಕ ರೋಗಿ ಕೈಗೆ ಕೊಡೂದೋ, ಲಾಡ್ಜಿಗೇ ಕಟ್ಟೂದೋ?

ಬಾಗಲಕೋಟಿ ಅಕ್ಕ:
ಲಾಡ್ಜಿಗೇ ಕಟ್ರಿ, ಆರೂ ವಾರದ್ದು ಮುಂಗಡ. ಊಟದ್ದು ಕೈಯಾಗ ಕೊಡ್ರಿ.