‘ಅಂತರಕೋಶೀಯ’ ಸೋಂಕು: ಕೋಶದ ಒಳಗೋ, ಕೋಶಗಳ ನಡುವೆಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಕ್ಷಯರೋಗವನ್ನು ಕುರಿತ ಒಂದು ಕಿರುಹೊತ್ತಗೆಯನ್ನು ಸಾಮಾನ್ಯ ಓದುಗರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ‘ಇಂಟ್ರಾಸೆಲ್ಯುಲರ್’ (ಕೋಶದ ಒಳಗಿನ) ಎಂಬುದಕ್ಕೆ ‘ಅಂತರಕೋಶೀಯ’, ‘ಅಂತರ್ಕೋಶೀಯ’, ‘ಅಂತಃಕೋಶೀಯ’ ಎಂಬ ಮೂರು ರೂಪಗಳು ಮುಂದಿವೆ. ಯಾವುದನ್ನು ಉಳಿಸಿಕೊಳ್ಳಲಿ? ಅಥವಾ ಮೂರನ್ನೂ ಬಿಡಲೇ?

ತೊಡಕು ಇರುವುದು ‘ಅಂತರ್’ನಲ್ಲಿ. ಅದಕ್ಕೆ ‘ಒಳಗೆ’ ಎಂಬ ಅರ್ಥವೂ ಇದೆ, ‘ನಡುವೆ’ ಎಂಬ ಅರ್ಥವೂ ಇದೆ. ಅಂತರ್ಜಲ ನೆಲದೊಳಗಿನ ನೀರು. ಅಂತರ್ಜಾತಿ ವಿವಾಹವಾದರೋ ಎರಡು ಜಾತಿಗಳ ನಡುವಿನದು. ಅಂತಃಕರಣ, ಅಂತಃಪುರಗಳ ಜಾಡು ಹಿಡಿದರೆ ‘ಅಂತಃಕೋಶೀಯ’ವೇ ಸಾಧುರೂಪ. ಆದರೆ ಅಚ್ಚಿನಲ್ಲಿ ವಿಸರ್ಗ ಉದುರಿದರೆ ‘ಅಂತಕೋಶೀಯ’ವಾಗಿ, ಯಮನ ಖಜಾನೆಯಂತೆ ಕೇಳಿಸುತ್ತದೆ. ಇನ್ನು ‘ಅಂತರಕೋಶೀಯ’ವನ್ನು, ‘ಅಂತರರಾಷ್ಟ್ರೀಯ’ದ ರೂಢಿಯಿರುವವರು ‘ಕೋಶಗಳ ನಡುವಿನ’ ಎಂದೇ ಓದುತ್ತಾರೆ. ಅದು ‘ಇಂಟರ್‌ಸೆಲ್ಯುಲರ್’, ನಮಗೆ ಬೇಕಾದುದಕ್ಕೆ ತೀರ ಬೇರೆ.

ವಿಷಯ ಬೇರೆಯದಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಲ್ಲಿ ರೋಗಾಣು ಒಳಗಿದೆಯೋ ನಡುವೆ ಇದೆಯೋ ಎಂಬುದರ ಮೇಲೆಯೇ ದೇಹದ ಪ್ರತಿಕ್ರಿಯೆ ನಿಂತಿದೆ. ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳಾದ ಪ್ರತಿಕಾಯಗಳು (ಆಂಟಿಬಾಡಿ) ಓಡಾಡುವುದು ರಕ್ತದಲ್ಲಿ, ಕೋಶಗಳ ನಡುವಿನ ದ್ರವದಲ್ಲಿ. ಅಲ್ಲಿ ಸಿಕ್ಕಿದ ರೋಗಾಣುವಿಗೆ ಅಂಟಿಕೊಂಡು ಅದನ್ನು ಕಟ್ಟಿಹಾಕಬಲ್ಲವು. ಒಮ್ಮೆ ಅದು ಕೋಶದೊಳಗೆ ಹೊಕ್ಕಿತೆಂದರೆ ಸಾಮಾನ್ಯವಾಗಿ ಅವುಗಳ ಕೈಗೆ ಎಟುಕುವುದಿಲ್ಲ. ಆಗ ಟಿ ಕೋಶಗಳೇ (ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳ ಒಂದು ಬಗೆ) ಬರಬೇಕು. ವೈರಸ್ ಹೊಕ್ಕ ಕೋಶ, ಒಳಗಿರುವ ಅದರ ಪ್ರೋಟೀನಿನ ಚೂರುಗಳನ್ನು ತನ್ನ ಹೊರಮೈಯಲ್ಲಿ ಎತ್ತಿ ತೋರಿಸುತ್ತದೆ. ಸಿಡಿ8 ಎಂಬ ಬಗೆಯ ಟಿ ಕೋಶ ಆ ಗುರುತನ್ನು ಕಂಡು, ತಾನು ಹೊರಬಿಡುವ ಪ್ರೋಟೀನುಗಳಾದ ಪರ್ಫೊರಿನ್ ಮತ್ತು ಗ್ರಾಂಜೈಮ್‌ಗಳ ಮೂಲಕ ಇಡೀ ಕೋಶವನ್ನೇ ಸಾಯಿಸುತ್ತದೆ. ಪರಕೀಯ ಚೂರನ್ನು, ಅದನ್ನು ಹೊರಮೈಯಲ್ಲಿ ಎತ್ತಿ ಹಿಡಿಯುವ ದೇಹದ ಸ್ವಂತ ಎಂಎಚ್‌ಸಿ ಅಣುವಿನ ಜೊತೆಗೆ ಕಂಡರೆ ಮಾತ್ರ ಟಿ ಕೋಶ ಕದಲುತ್ತದೆ ಎಂಬುದನ್ನು 1970ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದವರು ವಿಜ್ಞಾನಿಗಳಾದ ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್. 1996ರಲ್ಲಿ ಅವರಿಗೆ ನೊಬೆಲ್ ಬಂತು. ಇಂಥ ಪುಟದಲ್ಲಿ ‘ಅಂತರಕೋಶೀಯ’ ಎಂದು ಬರೆದು, ಓದುಗರು ಅದನ್ನು ‘ನಡುವೆ’ ಎಂದು ತಿಳಿದರೆ, ಹಾಗಾದರೆ ಪ್ರತಿಕಾಯಗಳು ಏಕೆ ಸಾಲವು ಎಂಬ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. (ಈ ಎತ್ತಿ ತೋರಿಸುವ ಕ್ರಿಯೆಗೆ ‘ಪ್ರಸ್ತುತಪಡಿಸುವಿಕೆ’ ಎಂಬ ಪದವನ್ನು ಕಂಡಿದ್ದೇನೆ. ದಯವಿಟ್ಟು ಅದನ್ನು ಸೂಚಿಸಬೇಡಿ.)

ಎರಡನೆಯ ಪ್ರಶ್ನೆ, ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಎಂಬ ಕೋಶದ ಕುರಿತು. ‘ಭಕ್ಷಕ ಕೋಶ’ ಎಂಬುದು ಬಳಕೆಯಲ್ಲಿದೆ, ಅದಕ್ಕೆ ತಕರಾರಿಲ್ಲ. ಆದರೆ ‘ಭಕ್ಷಿಸಿತು’ ಎಂದೊಡನೆ ರೋಗಾಣುವಿನ ಕಥೆ ಮುಗಿಯಿತು ಎನ್ನಿಸುತ್ತದೆ. ಕ್ಷಯದಲ್ಲಿ ಕಥೆ ಶುರುವಾಗುವುದೇ ಅಲ್ಲಿಂದ. ನುಂಗಿದ ಬ್ಯಾಕ್ಟೀರಿಯಾ ಇರುವ ಚೀಲಕ್ಕೆ ಜೀರ್ಣರಸಗಳಿರುವ ಲೈಸೋಸೋಮ್ ಬಂದು ಕೂಡಿಕೊಳ್ಳಬೇಕು. ಕ್ಷಯದ ಬ್ಯಾಕ್ಟೀರಿಯಾ ಆ ಕೂಡಿಕೆಯನ್ನೇ ತಡೆದು, ತನ್ನನ್ನು ನುಂಗಿದ ಕೋಶದಲ್ಲೇ ಬೆಳೆಯುತ್ತದೆ. ಥೇಟ್ ವಾತಾಪಿ. ‘ಜೀರ್ಣೋ ಭವ’ ಎನ್ನುವ ಅಗಸ್ತ್ಯನ ಕೆಲಸ ಸಿಡಿ4 ಎಂಬ ಇನ್ನೊಂದು ಬಗೆಯ ಟಿ ಕೋಶಗಳದು: ಅವು ಹೊರಬಿಡುವ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತದ ಪ್ರೋಟೀನು ತಲುಪಿದ ಮೇಲೆ ಭಕ್ಷಕ ಕೋಶಕ್ಕೆ ಅರಗಿಸುವ ಬಲ ಹೆಚ್ಚುತ್ತದೆ. ಎಚ್‌ಐವಿ ಸೋಂಕಿನಲ್ಲಿ ಸಿಡಿ4 ಕೋಶಗಳು ಕುಗ್ಗಿದಾಗ ಅಡಗಿದ್ದ ಕ್ಷಯ ಕೆರಳುವುದಕ್ಕೆ ಇದು ಮುಖ್ಯ ಕಾರಣ. ಹಾಗಾಗಿ ‘ಭಕ್ಷಿಸು’ವನ್ನು ಬಿಟ್ಟು ‘ನುಂಗು’, ‘ಅರಗಿಸು’ ಎಂಬ ಎರಡು ಕ್ರಿಯಾಪದಗಳನ್ನು ಬೇರೆ ಬೇರೆಯಾಗಿ ಬಳಸಬೇಕೆಂದಿದ್ದೇನೆ. ಗ್ರಾಮ್ಯ ಎನ್ನುವವರು ಕಾರಣ ಕೊಡಿ.

ಮೂರನೆಯದು ಚಿಕ್ಕದು, ನನಗೆ ಇಷ್ಟವಾದದ್ದು. ಕೋಶದ ಹೊರಗೂ ಬದುಕಬಲ್ಲ ರೋಗಾಣುಗಳಿವೆ, ಒಳಗೆ ಮಾತ್ರ ಬದುಕುವಂಥವೂ ಇವೆ. ಕ್ಷಯದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಕೃತಕ ಆಹಾರದ ಮೇಲೆ ಬೆಳೆಸಬಹುದು. ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದ ಕುಷ್ಠದ ಬ್ಯಾಕ್ಟೀರಿಯಾವನ್ನು ಹಾಗೆ ಬೆಳೆಸಲು ಇಂದಿಗೂ ಸಾಧ್ಯವಾಗಿಲ್ಲ. ಈ ಎರಡು ಬಗೆಗಳಿಗೆ ಕ್ರಮವಾಗಿ ‘ಐಚ್ಛಿಕ’, ‘ಅನಿವಾರ್ಯ’ ಎಂಬ ವಿಶೇಷಣಗಳಿವೆ. ಓದಿದರೆ ಪರೀಕ್ಷೆಯ ವಿಷಯಗಳ ಪಟ್ಟಿಯಂತಿರುತ್ತದೆ. ‘ಕೋಶದೊಳಗೂ ಬಾಳುವ’, ‘ಕೋಶದೊಳಗೇ ಬಾಳುವ’ ಎಂದರೆ ಸಾಲದೇ? ಒಂದು ಊಕಾರ, ಒಂದು ಏಕಾರದಲ್ಲಿ ಕೆಲಸ ಆಗುತ್ತದೆ. ಕರಡು ತಿದ್ದುವವರು ಆ ಏಕಾರವನ್ನು ತಪ್ಪೆಂದು ಅಳಿಸುವ ಭಯ ಮಾತ್ರ ಇದೆ.

ಸದ್ಯಕ್ಕೆ ಮೊದಲನೆಯದಕ್ಕೆ ‘ಕೋಶದೊಳಗಿನ ಸೋಂಕು’ ಎಂದೇ ಬರೆಯುತ್ತಿದ್ದೇನೆ. ಪುಸ್ತಕದ ಕೊನೆಯ ಪದಪಟ್ಟಿಯಲ್ಲಿ ‘ಅಂತಃಕೋಶೀಯ’ವನ್ನೂ ಕೊಡಬೇಕೇ ಎಂಬುದನ್ನು ವೈದ್ಯಕೀಯ ಪಾಠ ಹೇಳುವವರು, ಪಠ್ಯಪುಸ್ತಕಗಳಲ್ಲಿ ದುಡಿದವರು ತಿಳಿಸಬೇಕು. ನಿಮ್ಮ ತರಗತಿಯಲ್ಲಿ ವಿದ್ಯಾರ್ಥಿಗಳು ‘ಅಂತರಕೋಶೀಯ’ವನ್ನು ಹೇಗೆ ಅರ್ಥ ಮಾಡಿಕೊಂಡರು ಎಂದು ಬರೆದರೆ, ನಿಘಂಟಿನ ಉಲ್ಲೇಖಕ್ಕಿಂತ ಅದು ನನಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.