ಕೀಮೋಥೆರಪಿಯ ವಿವರಣೆಗೆ ‘ರೋಗನಿರೋಧಕ ಶಕ್ತಿ’ ಎಂಬ ಪದ ಸಾಲುತ್ತದೆಯೇ?

ಮಾನ್ಯರೇ,

ತುಮಕೂರು ಜಿಲ್ಲೆಯ ಹಳ್ಳಿಗಳಿಂದ ಕೀಮೋಥೆರಪಿಗಾಗಿ ಬೆಂಗಳೂರಿಗೆ ಓಡಾಡುವ ರೋಗಿಗಳ ಮನೆಯವರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಅದರಲ್ಲಿ ‘ರೋಗನಿರೋಧಕ ಶಕ್ತಿ’ ಎಂಬ ಪದವನ್ನು ಎಲ್ಲೆಡೆ ಬಳಸಬಹುದೇ ಎಂಬುದು ನನ್ನ ಪ್ರಶ್ನೆ.

ನಮ್ಮ ಕಡೆ ಈ ಶಕ್ತಿ ಏರುತ್ತದೆ ಇಲ್ಲವೇ ಇಳಿಯುತ್ತದೆ, ಅಷ್ಟೇ. ‘ಕೀಮೋ ಕೊಟ್ಮೇಲೆ ಕೌಂಟ್ ಇಳ್ದೋಗೈತೆ, ನಿರೋಧಕ ಶಕ್ತಿ ಇಲ್ಲವಂತೆ’ ಎನ್ನುವ ಮಾತು ತಪ್ಪಲ್ಲ. ಔಷಧಿ ರಕ್ತಕಣಗಳು ಹುಟ್ಟುವ ಮೂಳೆಮಜ್ಜೆಯನ್ನೂ ತಟ್ಟುವುದರಿಂದ, ಕೀಮೋ ಕೊಟ್ಟ ಬಳಿಕ ಸಾಮಾನ್ಯವಾಗಿ 7ರಿಂದ 14 ದಿನಗಳ ನಡುವೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗುತ್ತವೆ. ಆಗ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಲೇಬೇಕು.

ತೊಡಕಿರುವುದು ಕೈಪಿಡಿಯ ಮುಂದಿನ ಪುಟದಲ್ಲಿ. ಡಾಕ್ಸೊರೂಬಿಸಿನ್, ಆಕ್ಸಾಲಿಪ್ಲಾಟಿನ್‌ನಂತಹ ಔಷಧಿಗಳಿಗೆ ಸಿಕ್ಕಿ ಸಾಯುವ ಕ್ಯಾನ್ಸರ್ ಕೋಶವು ಕ್ಯಾಲ್‌ರೆಟಿಕ್ಯುಲಿನ್ ಎಂಬ ಪ್ರೋಟೀನನ್ನು ತನ್ನ ಹೊರಮೈಗೆ ತರುತ್ತದೆ, ಎಚ್‌ಎಂಜಿಬಿ1 ಎಂಬ ಇನ್ನೊಂದನ್ನು ಹೊರಚೆಲ್ಲುತ್ತದೆ. ದೇಹದ ಕಾವಲಿಗಿರುವ ಡೆಂಡ್ರೈಟಿಕ್ ಕೋಶಗಳು ಅಂತಹ ಕೋಶವನ್ನು ನುಂಗಿ, ಅದರ ಗುರುತನ್ನು ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ ಕೋಶಗಳಿಗೆ ಹಿಡಿಸಿಕೊಡುತ್ತವೆ. ಸಿಸ್‌ಪ್ಲಾಟಿನ್ ಕೂಡ ಆಕ್ಸಾಲಿಪ್ಲಾಟಿನ್‌ನ ಕುಲದ ಔಷಧಿಯೇ ಆದರೂ ಕ್ಯಾಲ್‌ರೆಟಿಕ್ಯುಲಿನ್ ಅನ್ನು ಹಾಗೆ ಹೊರತರುವುದಿಲ್ಲ. ಎಚ್‌ಎಂಜಿಬಿ1 ಅನ್ನು ಗುರುತಿಸುವ ಟಿಎಲ್‌ಆರ್4 ಗ್ರಾಹಕದ ಜೀನಿನಲ್ಲಿ ದೋಷವಿದ್ದ ಸ್ತನಕ್ಯಾನ್ಸರ್ ರೋಗಿಗಳಲ್ಲಿ ಚಿಕಿತ್ಸೆಯ ಬಳಿಕ ರೋಗ ಬೇಗ ಮರುಕಳಿಸಿದ್ದನ್ನು ಫ್ರಾನ್ಸಿನ ಲಾರೆನ್ಸ್ ಜಿಟ್‌ವೊಗೆಲ್, ಗಿಡೊ ಕ್ರೋಮರ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಅಂದರೆ ಕೆಲವು ಔಷಧಿಗಳ ಗೆಲುವಿನಲ್ಲಿ ದೇಹದ್ದೂ ಪಾಲಿದೆ. ಕೌಂಟ್ ಇಳಿದರೂ ಈ ಕೆಲಸ ನಡೆಯಬಲ್ಲದು ಎಂಬುದನ್ನು ‘ಶಕ್ತಿ’ ಎಂಬ ಒಂದೇ ಪದದಿಂದ ತಿಳಿಸುವುದು ಹೇಗೆ? ಹಾಗೆ ಬರೆದರೆ, ಓದಿದವರು ಶಕ್ತಿ ಏರಿಸಲೆಂದು ವೈದ್ಯರನ್ನು ಕೇಳದೆಯೇ ಕಷಾಯ, ಪುಡಿಗಳ ಹಿಂದೆ ಬೀಳುತ್ತಾರೆಂಬ ಆತಂಕ ನನ್ನದು.

ಪಠ್ಯಪುಸ್ತಕದ ‘ಪ್ರತಿರಕ್ಷಣಾ ಪ್ರತಿಕ್ರಿಯೆ’ ಶಾಸ್ತ್ರಕ್ಕೆ ಒಪ್ಪುತ್ತದೆ. ಆದರೆ ‘ಇಂಜೆಕ್ಷನ್ ರಿಯಾಕ್ಷನ್ ಆಯ್ತು’ ಎಂದು ಅಡ್ಡಪರಿಣಾಮಕ್ಕೇ ಹೇಳುವ ರೂಢಿಯಿರುವಲ್ಲಿ ‘ಪ್ರತಿಕ್ರಿಯೆ’ಯನ್ನು ಓದಿದವರು ಗಾಬರಿಯಾದಾರು. ‘ಸ್ಪಂದನೆ’ ಸೌಮ್ಯವಾಗಿದೆ, ಆದರೂ ಮರುಕದ ಅರ್ಥ ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡಿದೆ. ಸದ್ಯಕ್ಕೆ ಕೌಂಟ್ ಇಳಿಯುವುದಕ್ಕೆ ‘ಸೋಂಕು ತಡೆಯುವ ಬಿಳಿ ರಕ್ತಕಣಗಳ ಕೊರತೆ’ ಎಂದೂ, ಸಾಯುವ ಕ್ಯಾನ್ಸರ್ ಕೋಶವನ್ನು ದೇಹ ಗುರುತು ಹಿಡಿಯುವುದಕ್ಕೆ ‘ರಕ್ಷಣಾ ಕೋಶಗಳ ಎಚ್ಚರಿಕೆ’ ಎಂದೂ ಬರೆದಿದ್ದೇನೆ. ‘ಎಚ್ಚರಿಕೆ’ ಎಂದರೆ ಅಪಾಯದ ಸೂಚನೆ ಎಂದು ತಿಳಿಯುವ ಸಾಧ್ಯತೆಯಿದ್ದರೆ ‘ಎಚ್ಚರಗೊಳ್ಳುವಿಕೆ’ ಆದೀತೇ? ಪಾವಗಡ, ಸಿರಾ ಕಡೆಯ ಓದುಗರಿಗೆ ಇವುಗಳಲ್ಲಿ ಯಾವುದು ತಟ್ಟನೆ ತಿಳಿಯುತ್ತದೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.